ಏಳನೆಯ ಸದ್ದು

ಕುರ್ಶುನ್‌ದೆರೆ,
ಹಿಜರಿ 1329, ರಂಜಾನ್ ಹಬ್ಬ ಕಳೆದ ಏಳನೆಯ ದಿನ

ತಮ್ಮ ಫೆಹ್ಮಿಗೆ,

ನಿನ್ನ ಎರಡೂ ಕಣ್ಣಿಗೆ ಅಕ್ಕನ ಮುತ್ತು. ಆ ಕಣ್ಣುಗಳು ಈಗ ಯಾರ ಮುಖವನ್ನಾದರೂ ನೇರವಾಗಿ ನೋಡುತ್ತಿವೆಯೋ ಇಲ್ಲವೋ ತಿಳಿಯದು, ಆದರೂ ಅಮ್ಮ ಕಲಿಸಿದ ರೂಢಿ ಬಿಡುವುದಕ್ಕಾಗುವುದಿಲ್ಲ. ಪತ್ರ ತಡವಾಯಿತು, ಕ್ಷಮಿಸು. ಕಾಯಿಲೆಯಿಂದಲ್ಲ, ಕೆಲಸದಿಂದಲೂ ಅಲ್ಲ. ಲೇಖನಿ ಹಿಡಿದಾಗಲೆಲ್ಲ ತುದಿಗೆ ಬರುತ್ತಿದ್ದ ಮಾತುಗಳನ್ನು ಮಸೀದಿಯಲ್ಲಿ ಪಾಠ ಹೇಳುತ್ತಿದ್ದ ಹೋಜಾನ ಮಗಳು ಬರೆಯಬಾರದು. ಅಪ್ಪ ನಮ್ಮಿಬ್ಬರಿಗೂ ಅಕ್ಷರ ಕಲಿಸಿದ್ದು ಬೈಗುಳ ಬರೆಯುವುದಕ್ಕಲ್ಲ ಎಂದು ನನಗೆ ನಾನೇ ಹೇಳಿಕೊಂಡು ಕೂತಿದ್ದೆ.

ಇಜ್ಮಿರ್‌ನಲ್ಲಿ ಚಿಕ್ಕಪ್ಪನ ಅಂಜೂರದ ಮಂಡಿ ಸೇರಿದ್ದೀಯೆಂದು ತಿಳಿಯಿತು. ಒಳ್ಳೆಯದು. ಅಂಜೂರ ಸಿಡಿಯುವುದಿಲ್ಲ.

ಊರಿನ ಸುದ್ದಿ ಕೇಳು. ಹಬ್ಬ ಬಂತು, ಹೋಯಿತು. ಗಣಿಯ ವಿದೇಶಿ ಡೈರೆಕ್ಟರ್ ದೆಲ್ವಾಲ್ ತಲೆಗೆ ಕೆಂಪು ಟೋಪಿ ಏರಿಸಿಕೊಂಡು ಮಸೀದಿ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕಿದ, ಮಕ್ಕಳಿಗೆ ಮಿಠಾಯಿ ಹಂಚಿದ. ನಮ್ಮವರು ಹಲ್ಲು ಕಿರಿದರು. ಮೂರು ವರ್ಷದ ಹಿಂದೆ ಸ್ವಾತಂತ್ರ್ಯ ಬಂತೆಂದು ಇದೇ ಬೀದಿಯಲ್ಲಿ ಬಾವುಟ ಕಟ್ಟಿ ಕುಣಿದ ಗಂಡಸರು ಇವರೇ. ಸುಲ್ತಾನನ ಮುಂದೆ ಬಗ್ಗುವುದು ತಪ್ಪಿತು ಎಂದು ಈಗ ಸೀಸದ ಕಂಪನಿಯ ಮುಂದೆ ಬಗ್ಗುತ್ತಾರೆ. ಬೆನ್ನಿಗೆ ಅಭ್ಯಾಸ ತಪ್ಪಬಾರದಲ್ಲ.

ನನ್ನ ಬಳಿ ಕಲಿಯುವ ಹುಡುಗಿಯರು ಎಂದಿನಂತೆ ಗಲಾಟೆ ಮಾಡುತ್ತಾರೆ. ಮೇಕೆ ಹಾಲು ಕಡಿಮೆ ಮಾಡಿದೆ. ಚಾವಣಿ ಈ ಸಲ ಸೋರಲಿಲ್ಲ. ವಸಂತದಲ್ಲಿ ನಿನ್ನ ಗೆಳೆಯ ಹುರ್ಷಿತ್ ಹತ್ತಿ ಹಂಚು ಸರಿಮಾಡಿದ್ದನಲ್ಲ, ಆ ಕರಡಿಗೆ ಬಂದ ಒಂದೇ ನಾಜೂಕಿನ ಕೆಲಸ ಅದು.

ಈಗ ಮುಖ್ಯ ಮಾತು. ಗಣಿ ಕಚೇರಿಯ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದಾರೆ. ಹುರ್ಷಿತ್ ಬಂಡೆಯಲ್ಲಿ ಹೊಸ ತೂತು ಕೊರೆಯುವ ಶ್ರಮ ಉಳಿಸಲು, ನಿಯಮ ಮೀರಿ, ಹಳೆಯ ತೂತಿನ ತಳಕ್ಕೇ ಉಳಿ ಇಟ್ಟು ಹೊಡೆದನಂತೆ, ತಳದಲ್ಲಿ ಉಳಿದಿದ್ದ ಚೂರು ಮದ್ದು ಸಿಡಿಯಿತಂತೆ. ಉಪವಾಸದಿಂದ ತಲೆ ಮಂಕಾಗಿತ್ತಂತೆ. ಹಾಗಾಗಿ ಸಾವಿಗೆ ಅವನೇ ಹೊಣೆಯಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಅದು. ಕೆಳಗೆ ಎಣಿಸುವವನ ಹೇಳಿಕೆ: ‘ಏಳು ತೂತಿಗೆ ಮದ್ದು ತುಂಬಿದ್ದೆವು, ಏಳೂ ಸಿಡಿದವು.’ ಅದರ ಕೆಳಗೆ ನಿನ್ನ ಸಹಿ. ಅಪ್ಪ ಕೈ ಹಿಡಿದು ತಿದ್ದಿಸಿದ ಅದೇ ದುಂಡನೆಯ ಅಕ್ಷರ. ಆ ಬಾಗಿಲ ಮುಂದೆ ನಿಂತು ನನಗೆ ಅಪ್ಪ ಸತ್ತದ್ದೇ ಒಳ್ಳೆಯದಾಯಿತು ಅನ್ನಿಸಿತು.

ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತೇನೆ, ಏಕೆಂದರೆ ಸಹಿ ಹಾಕಿದವರಿಗೆ ಮರೆವು ಬೇಗ ಬರುತ್ತದೆ. ನಮ್ಮ ಅಜ್ಜಿಯ ಕಾಲದಿಂದಲೂ ಈ ಊರಲ್ಲಿ ರಂಜಾನಿಗೆ, ದಿನದ ಉಪವಾಸ ಮುಗಿಯಿತೆಂದು ಸಾರುವ ತೋಪು ಇರಲಿಲ್ಲ. ಮಿನಾರಿನಲ್ಲಿ ದೀಪ ಹತ್ತಿದರೆ ನೀರು ಕುಡಿಯುತ್ತಿದ್ದೆವು. ಈ ವರ್ಷ ದೆಲ್ವಾಲ್‌ಗೆ ನಮ್ಮ ಧರ್ಮದ ಮೇಲೆ ಪ್ರೀತಿ ಉಕ್ಕಿತು. ಬಂದರಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಹಡಗಿನ ತೋಪೊಂದನ್ನು ತರಿಸಿ ಸುರಂಗದ ಬಾಯಿಯ ಮೇಲಿನ ಗುಡ್ಡದಲ್ಲಿ ಕೂರಿಸಿ, ‘ಕಾರ್ಮಿಕರಿಗೆ ಕಂಪನಿಯ ಕಾಣಿಕೆ’ ಎಂದು ಭಾಷಣ ಬಿಗಿದ. ಕಾಣಿಕೆಯಂತೆ ಕಾಣಿಕೆ! ತೋಪು ಅಲ್ಲೇ ಹಾರಿದರೆ ಜನ ಇಫ್ತಾರಿಗೆಂದು ಊರಿಗೆ ಇಳಿಯುವುದಿಲ್ಲ, ಸುರಂಗದ ಬಾಯಲ್ಲೇ ಉಂಡು ಮತ್ತೆ ಒಳಗೆ ಹೋಗುತ್ತಾರೆ. ರಂಜಾನ್ ತಿಂಗಳಲ್ಲೂ ಅದಿರು ಕಡಿಮೆಯಾಗಬಾರದು.

ಅವನ ಎಂಜಿನಿಯರ್ ಇನ್ನೂ ಜಾಣ. ಸಂಜೆಯ ಮದ್ದನ್ನು ತನ್ನ ಗಡಿಯಾರ ಹೇಳಿದ ಹೊತ್ತಿಗೇ ಸಿಡಿಸಬೇಕು, ನೀವು ಉಣ್ಣುವಷ್ಟರಲ್ಲಿ ಹೊಗೆ ತೆರವಾಗಿರಬೇಕು ಎಂದು ಅಪ್ಪಣೆ ಮಾಡಿದ. ರಂಜಾನ್ ಶುರುವಾದಾಗ ಮದ್ದು ಮೊದಲು, ತೋಪು ಆಮೇಲೆ, ನಡುವೆ ಬೇಕಾದಷ್ಟು ಹೊತ್ತು ಇತ್ತು. ಬೇಸಿಗೆ ಮುಗಿಯುವ ಕಾಲ, ಸೂರ್ಯ ದಿನಕ್ಕೊಂದಿಷ್ಟು ಬೇಗ ಮುಳುಗುತ್ತಾನೆ. ಮದ್ದು ಗಡಿಯಾರದ ಹೊತ್ತಿಗೆ ಅಂಟಿಕೊಂಡು ಕೂತಿತು, ತೋಪು ದಿನದಿನಕ್ಕೂ ಅದರ ಹತ್ತಿರ ಬಂತು. ತೋಪು ಹಾರಿಸುವ ಬೆಕಿರ್ ಮಾವ ಎಂಜಿನಿಯರ್‌ಗೆ ಹೇಳಿಯೂ ಹೇಳಿದನಂತೆ.

“ಸಾಹೇಬ್ರೇ, ನನ್ನ ತೋಪೂ ನಿಮ್ಮ ಮದ್ದೂ ಒಂದರ ಕಾಲನ್ನ ಇನ್ನೊಂದು ತುಳಿಯೋ ಹಂಗಾಗಿದೆ. ಒಂಚೂರು ಹಿಂದೆ ಮುಂದೆ ಮಾಡ್ಸಿ.”

“ನೀನು ನಿನ್ನ ಸೂರ್ಯನ್ನ ನೋಡ್ಕೋ ಮುದುಕಪ್ಪ. ನನ್ನ ಗಡಿಯಾರ ನಾನು ನೋಡ್ಕೋತೀನಿ” ಅಂದನಂತೆ ಅವನು.

ಹುರ್ಷಿತ್ ಸತ್ತ ಆ ಸಂಜೆ ಏಳು ತೂತಿಗೆ ಮದ್ದು ತುಂಬಿ, ಬತ್ತಿ ಹೊತ್ತಿಸಿ, ಎಲ್ಲರೂ ಹೊರಗೆ ಬಂದಿರಿ. ಎಣಿಸುವುದು ನಿನ್ನ ಕೆಲಸ. ಇಟ್ಟಷ್ಟೂ ಸಿಡಿಯಿತೋ ಇಲ್ಲವೋ ಕಿವಿಗೊಟ್ಟು ಕೇಳಿ, ಒಂದು ಕಡಿಮೆಯಾದರೂ ‘ಒಳಗೆ ಇನ್ನೊಂದು ಜೀವಂತ ಇದೆ, ಯಾರೂ ಹೋಗಬೇಡಿ’ ಎಂದು ಕೂಗುವುದಕ್ಕೆಂದೇ ನಿನ್ನನ್ನು ಅಲ್ಲಿ ನಿಲ್ಲಿಸಿದ್ದರು. ನಿನ್ನ ಒಂದು ಕೈಯಲ್ಲಿ ಆಗಲೇ ಸುತ್ತಿಟ್ಟ ಸಿಗರೇಟು, ಇನ್ನೊಂದರಲ್ಲಿ ಬೆಂಕಿಪೊಟ್ಟಣ. ಬೆಳಗಿನಿಂದ ಹೊಗೆ ಕಾಣದ ನಿನ್ನ ಮೋರೆ ನನಗೆ ಗೊತ್ತಿಲ್ಲವೇ! ಸದ್ದುಗಳು ಒಂದರ ಹಿಂದೆ ಒಂದು ಬಂದವು, ನಡುವೆಯೇ ಗುಡ್ಡದ ಮೇಲೆ ತೋಪಿನ ಹೊಗೆಯೂ ಎದ್ದಿತು. “ಏಳಕ್ಕೆ ಏಳು!” ಎಂದು ಕೂಗಿ ಕಡ್ಡಿ ಗೀರಿದೆ. ಏಳರಲ್ಲಿ ಒಂದು ಬೆಕಿರ್ ಮಾವನ ತೋಪು.

ಮನೆಯಲ್ಲಿ ಕೂತ ನನಗೆ ಹೇಗೆ ಗೊತ್ತು ಅನ್ನುತ್ತೀಯಾ? ಈ ಊರಿನ ಹೆಂಗಸರೆಲ್ಲ ಮದ್ದು ಎಣಿಸುತ್ತಾರೆ, ನಿನಗೂ ಗೊತ್ತು. ಅಮ್ಮ ಸಾರು ಕಲಕುತ್ತಲೇ ಎಣಿಸುತ್ತಿದ್ದಳು. ಮದ್ದು ನೆಲದಿಂದ ಬರುತ್ತದೆ, ಗೂಡಿನಲ್ಲಿಟ್ಟ ಕಾಫಿ ಬಟ್ಟಲು ಗಲಗಲ ಅನ್ನುತ್ತದೆ. ತೋಪು ಗಾಳಿಯಲ್ಲಿ ಬರುತ್ತದೆ, ಬಟ್ಟಲು ಅಲುಗುವುದಿಲ್ಲ. ಆ ಸಂಜೆ ಬಟ್ಟಲು ಆರು ಸಲ ಅಲುಗಿತು. ನನ್ನ ಮನೆಯಲ್ಲಿ ಆರು, ಪಕ್ಕದ ಶೆರಿಫೆಯ ಮನೆಯಲ್ಲೂ ಆರು. ನೀವು ತುಂಬಿದ್ದು ಏಳು ಎಂದು ನಮಗೆ ತಿಳಿದದ್ದು ನಿನ್ನ ಸಹಿ ಇರುವ ಆ ಕಾಗದದಿಂದ.

ನೀವಿಬ್ಬರೂ ನಾನು ಕಳಿಸಿದ ಬುತ್ತಿ ಉಂಡಿರಿ. ಹುರ್ಷಿತ್ ಉಳಿ ಹಿಡಿದು ಒಳಗೆ ಹೋದ. ಉದುರಿದ ಕಲ್ಲಿನ ಹಿಂದೆ ಏಳನೆಯದು ಕಾದು ಕೂತಿತ್ತು.

ತಿಂಗಳಲ್ಲಿ ರಾಜಧಾನಿಯಿಂದ ಗಣಿ ಇನ್‌ಸ್ಪೆಕ್ಟರ್ ಬರುತ್ತಾನೆ. ನೀನು ಬಂದು ‘ತೋಪು ಸೇರಿ ಏಳು’ ಎಂದು ಒಂದು ಮಾತು ಹೇಳು. ಹೇಳದಿದ್ದರೆ ಹುರ್ಷಿತ್ ದುರಾಸೆಯಿಂದ ಸತ್ತ ಎಂದೇ ಸರ್ಕಾರದ ಪುಸ್ತಕದಲ್ಲಿ ಉಳಿಯುತ್ತದೆ. ತನ್ನ ತಪ್ಪಿನಿಂದ ಸತ್ತವನ ಮನೆಯವರಿಗೆ ಕಂಪನಿಯ ಮನೆಯಲ್ಲಿ ಜಾಗವಿಲ್ಲ, ಅವನ ತಾಯಿ ಹಾಜೆರ್ ಅಜ್ಜಿ ಬೀದಿಗೆ ಬೀಳುತ್ತಾಳೆ. ನಿನಗೆ ಆ ಮುದುಕಿ ಎಷ್ಟು ಸಲ ರೊಟ್ಟಿ ಹಾಕಿದ್ದಾಳೆ, ಲೆಕ್ಕ ಹಾಕು. ನೀನು ಲೆಕ್ಕದವನಲ್ಲವೇ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಜೊತೆಗೆ ಒಂದಿಷ್ಟು ಬೆನ್ನುಮೂಳೆಯನ್ನೂ ಕೊಡಲಿ.

ನಿನ್ನ ಅಕ್ಕ
ಮುನೀರೆ

ತಾ.ಕ.: ಬುತ್ತಿ ಡಬ್ಬಿಯನ್ನು ಬೆಕಿರ್ ಮಾವ ತಂದುಕೊಟ್ಟ. ಮೇಲಿನದೂ ಕೆಳಗಿನದೂ ನೆಕ್ಕಿದ ಹಾಗೆ ಖಾಲಿ. ನಿನ್ನ ಹೊಟ್ಟೆ ಆ ದಿನವೂ ತನ್ನ ಕೆಲಸ ಮರೆತಿರಲಿಲ್ಲ.

*

ಕುರ್ಶುನ್‌ದೆರೆ,
ಕಾಸಿಮ್ ದಿನ ಕಳೆದು ಮೂರು ದಿನ, ಚಳಿ ಶುರುವಾಗಿದೆ

ತಮ್ಮ ಫೆಹ್ಮಿ,

ನಿನ್ನ ಪತ್ರವೂ ಅಂಜೂರದ ಪೆಟ್ಟಿಗೆಯೂ ಬಂದವು. ಅಂಜೂರವನ್ನು ಮೇಕೆಗೆ ಹಾಕಿದೆ, ಇಷ್ಟಪಟ್ಟು ತಿಂದಿತು. ನಿನ್ನ ಪತ್ರವನ್ನೂ ಹಾಕಬಹುದಿತ್ತು, ಆದರೆ ಮೂಕ ಪ್ರಾಣಿಗೆ ಅಜೀರ್ಣ ಮಾಡಿಸಿದ ಪಾಪ ನನಗೆ ಬೇಡ.

ಎಂಥ ಪತ್ರ ಬರೆದಿದ್ದೀಯೋ! ‘ಆರು ಇದ್ದರೂ ಇರಬಹುದು, ಏಳು ಇದ್ದರೂ ಇರಬಹುದು, ಆ ಗದ್ದಲದಲ್ಲಿ ಯಾರು ಹೇಳಬಲ್ಲರು, ಸತ್ತವನು ಹೇಗೂ ತಿರುಗಿ ಬರುವುದಿಲ್ಲ, ಕಂಪನಿಯನ್ನು ಎದುರುಹಾಕಿಕೊಂಡರೆ ನಾಳೆ ನಮಗೇ ತೊಂದರೆ.’ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ‘ನಾನು ನಿರ್ದೋಷಿ ಎಂದು ನಿನಗೆ ಗೊತ್ತಲ್ಲ ಅಕ್ಕ’ ಎಂದು ಮೂರು ಕಡೆ ಬರೆದಿದ್ದೀಯೆ. ತಪ್ಪಿ ಎಣಿಸಿದ್ದಕ್ಕೆ ನಾನು ಒಂದು ಮಾತಾದರೂ ಅಂದೆನೇ? ತೋಪನ್ನು ಅಲ್ಲಿಟ್ಟವನು ನೀನಲ್ಲ, ಹೊತ್ತು ಗೊತ್ತುಮಾಡಿದವನೂ ನೀನಲ್ಲ. ಹಸಿದವನ ಕಿವಿ ಮೋಸ ಹೋಗುತ್ತದೆ, ಅದು ಯಾರಿಗಾದರೂ ಆಗುವಂಥದ್ದು. ತಿಳಿದ ಮೇಲೆ ಹಾಕಿದ ಸಹಿ ಮಾತ್ರ ನಿನ್ನದು. ನಾನು ಉಗುಳುವುದು ಅದಕ್ಕೆ.

ಇನ್‌ಸ್ಪೆಕ್ಟರ್ ಬಂದ. ಹೊಸ ಬೂಟು, ಮೀಸೆಗೆ ಎಣ್ಣೆ. ಸುರಂಗದೊಳಗೆ ಇಳಿದವನು ಹೊರಗಿನ ಬೆಳಕು ಮರೆಯಾಗುವ ಮೊದಲೇ ತಿರುಗಿ ಬಂದನಂತೆ, ಬೂಟಿಗೆ ನೀರು ತಾಗಿತೆಂದು. ಆಮೇಲೆ ಕಚೇರಿಯಲ್ಲಿ ದೆಲ್ವಾಲ್ ಜೊತೆ ಕಾಫಿ. ನಾನು ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋದೆ.

“ಏನಮ್ಮಾ ಇದು, ಮದುವೆ ದಿಬ್ಬಣಾನಾ?” ಎಂದ ಇನ್‌ಸ್ಪೆಕ್ಟರ್.

“ಸಾಕ್ಷಿ ಹೇಳೋಕೆ ಬಂದಿದೀವಿ” ಎಂದೆ.

“ಸಾಕ್ಷೀನಾ? ಮದ್ದು ಸಿಡಿದಾಗ ನೀವೆಲ್ಲ ಎಲ್ಲಿದ್ರಿ?”

“ನಮ್ಮ ನಮ್ಮ ಮನೇಲಿ.”

“ಮನೇಲಿ ಏನ್ ಮಾಡ್ತಿದ್ರಿ?”

“ಎಣಿಸ್ತಿದ್ವಿ.”

ಬಟ್ಟಲಿನ ವಿಷಯ ಹೇಳಿದೆ. ಅವನು ದೆಲ್ವಾಲ್‌ನ ಕಡೆ ನೋಡಿ ನಕ್ಕ. “ಕೇಳಿದ್ರಾ, ಇಲ್ಲಿ ಕಾಫಿ ಬಟ್ಲುಗಳೂ ಸಾಕ್ಷಿ ಹೇಳ್ತವೆ! ಅಲ್ಲಮ್ಮಾ, ಇಫ್ತಾರ್ ಹೊತ್ನಲ್ಲಿ ಒಲೆ ಮೇಲೆ ಸಾರಿರುವಾಗ ಹೆಂಗಸ್ರು ಕೂತ್ಕೊಂಡು ಮದ್ದು ಎಣಿಸ್ತಾರಾ?”

ಶೆರಿಫೆಗೆ ಬಾಯಿ ಸುಮ್ಮನಿರುತ್ತದೆಯೇ? “ಗಂಡ ಒಳಗಿದ್ರೆ ಎಣಿಸ್ತಾರೆ ಸ್ವಾಮಿ. ನೀವು ಮನೆಗೆ ಬಂದ್ರೋ ಇಲ್ವೋ ಅಂತ ನಿಮ್ಮನೇಲಿ ಯಾರೂ ಎಣಿಸಲ್ವೇನೋ ಪಾಪ” ಎಂದಳು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಇನ್‌ಸ್ಪೆಕ್ಟರನ ಮೀಸೆ ಇಳಿಯಿತು.

ಬೆಕಿರ್ ಮಾವ ಮುಂದೆ ಬಂದು ತನ್ನ ತೋಪೂ ಮದ್ದೂ ಆ ಸಂಜೆ ಬೆರೆತುಹೋದವು ಎಂದು ಆಣೆ ಇಟ್ಟು ಹೇಳಿದ. ಎಂಜಿನಿಯರ್ ಹಾಗೇನೂ ಇಲ್ಲ ಎಂದು ತಲೆ ಆಡಿಸಿದ. “ನೀನು ತೋಪಿನ ಪಕ್ಕ ಇದ್ದೋನು, ನಿನ್ನ ಕಿವಿ ನೆಚ್ಕೊಳ್ಳೋಕಾಗುತ್ತಾ?” ಎಂದು ಇನ್‌ಸ್ಪೆಕ್ಟರ್ ಮುದುಕನನ್ನು ಕೂರಿಸಿಬಿಟ್ಟ. ನಮ್ಮ ಕಿವಿ ದೂರ ಇತ್ತೆಂದು ಆಗಲಿಲ್ಲ, ಅವನ ಕಿವಿ ಹತ್ತಿರ ಇತ್ತೆಂದು ಆಗಲಿಲ್ಲ. ಈ ನ್ಯಾಯಕ್ಕೆ ಒಪ್ಪುವ ಕಿವಿಯನ್ನು ದೆಲ್ವಾಲ್ ಕಾಫಿ ಜೊತೆ ಕೊಡುತ್ತಿದ್ದನೇನೋ.

ಆದರೂ ಮನುಷ್ಯ ಪೂರ್ತಿ ಕೆಟ್ಟವನಲ್ಲ, ಅದಕ್ಕೂ ಒಂದು ಶ್ರಮ ಬೇಕು. ಹಾಜೆರ್ ಅಜ್ಜಿಯನ್ನು ಕಂಡಾಗ ಸ್ವಲ್ಪ ಮೆತ್ತಗಾದ. ಅವಳು ಮಗನ ಹಳೆಯ ಬೂಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು.

“ನನ್ ಮಗ ಸೋಮಾರಿ ಅಂತ ಬರ್ದಿದ್ದಾರಂತಲ್ಲಪ್ಪ” ಎಂದಳು. “ಗೊರಕೆ ಹೊಡೀತಿದ್ದ ಅಂತ ಬರೀರಿ, ಒಪ್ತೀನಿ. ರಾಗ ಇಲ್ದೆ ಹಾಡ್ತಿದ್ದ ಅಂತ ಬರೀರಿ, ಅದೂ ನಿಜ. ಸೋಮಾರಿ ಅಂತ ಬರೀಬೇಡಿ.”

ಕೊನೆಗೆ ಇನ್‌ಸ್ಪೆಕ್ಟರ್ ನಿನ್ನ ಹೇಳಿಕೆಯನ್ನು ಕೈಯಲ್ಲಿ ಹಿಡಿದು, “ಇದನ್ನ ಬರ್ದೋನು ಎಲ್ಲಿ? ಅವನೊಬ್ಬ ಬಂದು ತೋಪು ಸೇರಿ ಏಳು ಅಂದ್ರೆ ನಾನು ಹಂಗೇ ಬರೀತೀನಿ. ತಿಂಗಳ ಕೊನೇವರ್ಗೂ ಜಿಲ್ಲಾ ಕಚೇರೀಲಿ ಇರ್ತೀನಿ” ಎಂದ. ಎಲ್ಲರೂ ನನ್ನ ಕಡೆ ತಿರುಗಿದರು.

“ಎಲ್ಲಮ್ಮಾ ನಿನ್ ತಮ್ಮ?”

“ಇಜ್ಮಿರ್‌ನಲ್ಲಿ ಅಂಜೂರ ಎಣಿಸ್ತಿದ್ದಾನೆ” ಎಂದೆ. ದೆಲ್ವಾಲ್ ಮಾತ್ರ ನಕ್ಕ. ಅವನಿಗೆ ನಮ್ಮ ಮಾತು ಚೆನ್ನಾಗಿಯೇ ಅರ್ಥವಾಗುತ್ತದೆ.

ಹಾಗಾಗಿ ಎಲ್ಲವೂ ಈಗ ನಿನ್ನ ನಾಲಿಗೆಯ ಮೇಲಿದೆ. ರೈಲು ಹತ್ತು, ಬಾ, ಒಂದು ಮಾತು ಹೇಳು, ಬೇಕಾದರೆ ಮರುದಿನವೇ ಹೋಗು. ನಾನು ಅಡುಗೆ ಮಾಡಿ ಬಡಿಸುತ್ತೇನೆ, ಒಂದು ಬೈಗುಳವೂ ಇರುವುದಿಲ್ಲ. ಇಷ್ಟು ಅಗ್ಗಕ್ಕೆ ನಾನು ಈವರೆಗೆ ಯಾರನ್ನೂ ಕ್ಷಮಿಸಿಲ್ಲ.

ಇನ್ನೊಂದು. ಆ ಸಂಜೆ ‘ಹುರ್ಷಿತ್ ಜೊತೆ ಕೂತು ಉಂಡೆ, ಅದೇ ಕೊನೆ’ ಎಂದು ಒಂದು ಸಾಲು ಬರೆದು ಅತ್ತಿದ್ದೀಯೆ, ಶಾಯಿ ಕದಡಿದೆ. 'ಉಂಡೆ' ಎಂದರೆ ಮುಗಿಯಿತೇ? ಏನು ಉಂಡಿರಿ, ಅವನು ಏನಾದರೂ ಅಂದನೇ, ಒಂದೂ ಇಲ್ಲ. ಸಿಗರೇಟು ಹತ್ತಿಸಿದ್ದು ಮಾತ್ರ ವಿವರವಾಗಿದೆ. ಮುಂದಿನ ಪತ್ರದಲ್ಲಾದರೂ ಸರಿಯಾಗಿ ಬರೆ. ಮಗನ ಕೊನೆಯ ಊಟದ ಬಗ್ಗೆ ಅಜ್ಜಿ ಕೇಳುತ್ತಿರುತ್ತಾಳೆ.

ಚಳಿಗೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ, ಹಾಕಿಕೋ. ಸಿಟ್ಟು ಬೇರೆ, ಶೀತ ಬೇರೆ.

ಅಕ್ಕ
ಮುನೀರೆ

*

ಕುರ್ಶುನ್‌ದೆರೆ,
ಹಿದಿರೆಲ್ಲೆಜ್ ಹಬ್ಬದ ಮರುದಿನ

ಫೆಹ್ಮಿ,

ಎರಡು ಕಣ್ಣಿಗೂ ಮುತ್ತು. ಕಾಸಿಮ್‌ನಿಂದ ಹಿದಿರೆಲ್ಲೆಜ್‌ವರೆಗೆ, ಅಂದರೆ ಒಂದು ಚಳಿಗಾಲ ಪೂರ್ತಿ, ನಿನಗೆ ಬರೆಯಲಿಲ್ಲ. ಕ್ಷಮಿಸು ಅನ್ನುವುದು ರೂಢಿ, ಅಂದಿದ್ದೇನೆ. ನೀನೂ ಬರಲಿಲ್ಲ, ಬರೆಯಲೂ ಇಲ್ಲ. ಇನ್‌ಸ್ಪೆಕ್ಟರ್ ತಿಂಗಳ ಕೊನೆಯವರೆಗೆ ಕಾದು, ಜಿಲ್ಲಾ ಕೇಂದ್ರದ ಒಳ್ಳೆಯ ಕುರಿಮಾಂಸ ತಿಂದು ಹೋದ. ಮೊದಮೊದಲು ಗಾಡಿ ಬಂದ ಸದ್ದಾದಾಗಲೆಲ್ಲ ಬಾಗಿಲಿಗೆ ಹೋಗುತ್ತಿದ್ದೆ. ಆಮೇಲೆ ಬಿಟ್ಟೆ.

ನಿನ್ನ ನಿಶ್ಚಿತಾರ್ಥವಾಯಿತೆಂದು ಚಿಕ್ಕಪ್ಪ ಬರೆದಿದ್ದಾರೆ. ಮಂಡಿಯ ಪಾಲುದಾರನ ಮಗಳಂತೆ, ಓದು ಬರಹ ಬಲ್ಲವಳಂತೆ. ಪಾಪ, ನಿನ್ನ ಸಹಿಯನ್ನು ಓದಬಲ್ಲಳು ಎಂದಾಯಿತು. ದೇವರು ಒಳ್ಳೆಯದು ಮಾಡಲಿ. ಇದನ್ನು ಕುಹಕದಿಂದ ಬರೆಯುತ್ತಿಲ್ಲ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದೇನೆ, ನಿನ್ನ ಮನೆ ತುಂಬಲಿ ಎಂದೇ ನನ್ನ ಆಸೆ.

ನಿನಗೆ ಬೇಕಾದ ಸುದ್ದಿ ಒಂದಿದೆ. ಗಣಿಗಳ ವರ್ಷದ ವರದಿ ಅಚ್ಚಾಗಿ ಬಂದಿದೆ. ಔಷಧಿ ಅಂಗಡಿಯ ಆರ್ತಿನ್ ಫ್ರೆಂಚ್ ಓದಬಲ್ಲನಲ್ಲ, ಅಂಗಡಿಯಲ್ಲೇ ನಿಲ್ಲಿಸಿ ನಮ್ಮ ಗಣಿಯ ಪುಟವನ್ನು ಓದಿ ಹೇಳಿದ. ಸೀಸದ ಅದಿರು ಹಿಂದಿನ ವರ್ಷಕ್ಕಿಂತ ಎಂಟು ನೂರು ಟನ್ ಹೆಚ್ಚು. ರಂಜಾನ್ ತಿಂಗಳಲ್ಲೂ ಇಳಿಕೆಯಿಲ್ಲ ಎಂದು ಡೈರೆಕ್ಟರನಿಗೆ ಮೆಚ್ಚುಗೆ. ಕೆಲಸಗಾರರು ಒಂಬೈನೂರರ ಮೇಲೆ. ಅಪಘಾತ: ಸಾವು ಒಂದು, ಕಾರಣ ಸತ್ತವನ ಅಜಾಗರೂಕತೆ. ಅಷ್ಟೇ. ಅವನ ಹೆಸರು ಕೂಡ ಇಲ್ಲ.

“ಹೆಸರು ಇಲ್ವಾ ಆರ್ತಿನ್? ಸರಿಯಾಗಿ ನೋಡು” ಎಂದೆ.

“ಇಂಥ ಪುಸ್ತಕದಲ್ಲಿ ಹೆಸರು ಹಾಕಲ್ಲ ಮುನೀರೆ ಹಾನಿಮ್. ಬರೀ ಎಷ್ಟು ಅಂತ ಹಾಕ್ತಾರೆ.”

“ಹಂಗಾದ್ರೆ ಇವನು ಎಷ್ಟು?”

“ಒಂದು” ಎಂದ ಅವನು, ಮುಖ ತಗ್ಗಿಸಿ. ಆಮೇಲೆ ನನಗೆ ಹೊಟ್ಟೆನೋವಿನ ಪುಡಿಯನ್ನು ಕೇಳದೆಯೇ ಕಟ್ಟಿಕೊಟ್ಟ. ಒಳ್ಳೆಯ ಮನುಷ್ಯ, ಇನ್ನೇನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ.

ಮಜಾ ಇರುವುದು ಇಲ್ಲಿ. ಹೋದ ವಾರ ಕಂಪನಿಯ ಆಳುಗಳು ತೋಪನ್ನು ಆ ಗುಡ್ಡದಿಂದ ಕೆಳಗಿಳಿಸಿ, ಊರಾಚೆ ಸ್ಮಶಾನದ ದಿಬ್ಬಕ್ಕೆ ಎಳೆದುಕೊಂಡು ಹೋದರು. ಯಾಕೆಂದು ಕೇಳಿದರೆ ‘ಅಲ್ಲಿಂದ ನೋಟ ಚೆನ್ನಾಗಿದೆ’ ಅಂತಾರೆ. ಮುಂದಿನ ರಂಜಾನಿಗೆ ಮದ್ದು ಸಿಡಿಸುವುದು ತೋಪು ಹಾರಿ, ಉಂಡು ಮುಗಿದ ಮೇಲೆ ಎಂದು ಹೊಸ ಅಪ್ಪಣೆಯೂ ಆಗಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು. ತೋಪು ನಿರಪರಾಧಿಯಾದರೆ ಅದನ್ನು ಯಾಕಪ್ಪಾ ಎಳೆದು ಹಾಕಿದಿರಿ? ಬೆಕಿರ್ ಮಾವ ಎಂಜಿನಿಯರನ ಮುಖಕ್ಕೇ ಇದನ್ನು ಕೇಳಿದ. ಈಗ ಬೆಕಿರ್ ಮಾವನಿಗೆ ಕೆಲಸವಿಲ್ಲ, ನಮ್ಮ ಜಗಲಿಯಲ್ಲಿ ಕೂತು ಮೇಕೆಗೆ ಬೈಯುತ್ತಾನೆ.

ಹಾಜೆರ್ ಅಜ್ಜಿ ನಡು ಚಳಿಗಾಲದ ಹಿಮದಲ್ಲಿ ಮನೆ ಬಿಟ್ಟುಕೊಡಬೇಕಾಯಿತು. ನಾನು ಅವಳನ್ನು ಕರೆತಂದು ನಿನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದೇನೆ. ನಿನ್ನ ಹಾಸಿಗೆಯನ್ನು ಅವಳಿಗೆ ಕೊಟ್ಟೆ, ತಕರಾರಿದ್ದರೆ ಬಂದು ಹೇಳು. ಗೊರಕೆ ಮಗನದೇ. ಮಗನ ಬೂಟುಗಳನ್ನು ದಿನಾ ಒರೆಸಿ ಬಾಗಿಲ ಬಳಿ ಇಡುತ್ತಾಳೆ, ನಾನು ಎಡವಿ ಬೀಳುತ್ತೇನೆ, ಬೈಯುತ್ತೇನೆ, ಅವಳು ಮತ್ತೆ ಅಲ್ಲೇ ಇಡುತ್ತಾಳೆ. ಊರಿನ ಹೆಂಗಸರು ಬಾವಿಯ ಹತ್ತಿರ ಕೇಳುತ್ತಾರೆ, “ಅಲ್ಲ ಮುನೀರೆ, ನಿನಗೂ ಆ ಮುದುಕೀಗೂ ಏನೇ ಸಂಬಂಧ?” ಏನೂ ಇಲ್ಲ, ತಮ್ಮನ ಗೆಳೆಯನ ತಾಯಿ ಎನ್ನುತ್ತೇನೆ. ಕಾಗದದ ಮೇಲೆ ಅದೇ ನಿಜ.

ನಿನ್ನೆ ಹಬ್ಬದಲ್ಲಿ ಹುಡುಗಿಯರೆಲ್ಲ ಗುಲಾಬಿ ಗಿಡದ ಬುಡದಲ್ಲಿ ತಮ್ಮ ತಮ್ಮ ಹರಕೆಯನ್ನು ಕಲ್ಲು ಜೋಡಿಸಿ ಮಾಡಿದರು, ಮನೆ ಬೇಕೆಂದವರು ಮನೆ, ಮಗು ಬೇಕೆಂದವರು ತೊಟ್ಟಿಲು. “ಟೀಚರಮ್ಮ, ನೀವೂ ಏನಾದ್ರೂ ಮಾಡಿ” ಎಂದು ಪೀಡಿಸಿದರು. ನನಗೆ ಈ ವಯಸ್ಸಲ್ಲಿ ಎಂಥ ಹರಕೆ ಎಂದು ಗದರಿ ಕಳಿಸಿದೆ.

ಮದುವೆಗೆ ನಾನು ಬರುವುದಿಲ್ಲ, ಅಜ್ಜಿಯನ್ನು ಬಿಟ್ಟು ಬರಲಾಗದು. ಅಮ್ಮನ ಬೆಳ್ಳಿಯ ಸೊಂಟಪಟ್ಟಿಯನ್ನು ಹುಡುಗಿಗೆಂದು ಕಳಿಸಿದ್ದೇನೆ. ಅವಳಿಗೆ ನಿನ್ನಿಂದ ಸುಳ್ಳು ಕೇಳುವ ಗತಿ ಬಾರದಿರಲಿ. ನಿಮ್ಮಿಬ್ಬರ ತಲೆಗೂದಲು ಒಂದೇ ದಿಂಬಿನ ಮೇಲೆ ನರೆಯಲಿ. ನೂರು ವರ್ಷ ಬಾಳಿ.

ನಿನ್ನ ಅಕ್ಕ
ಮುನೀರೆ

ತಾ.ಕ.: ಪತ್ರವನ್ನು ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಕೇಳದೆ ಇರಲಾರೆ.

ವಸಂತದಲ್ಲಿ ಚಾವಣಿಯ ಹಂಚು ಸರಿಮಾಡಿ ಕೆಳಗಿಳಿದ ಹುರ್ಷಿತ್ ಗೋಡೆಯಾಚೆ ನಿಂತು, “ಮುನೀರೆ ಹಾನಿಮ್, ನಿಮ್ಮ ಚಾವಣಿ ಸೋರದ ಹಾಗೆ ಮಾಡಿದೀನಿ. ಅದರ ಕೆಳಗೆ ನನಗೂ ಒಂದು ಜಾಗ ಸಿಗುತ್ತಾ?” ಎಂದು ಕೇಳಿದ್ದ. ನಾನು ವಿಧವೆ, ನಲವತ್ತು ದಾಟಿದವಳು. ಬಾಯಿಗೆ ಬಂದ ಹಾಗೆ ಬೈದೆ. ಕರಡಿ ಎಂದೆ. ಅವನು ಅಲ್ಲಾಡಲಿಲ್ಲ. “ನಿಮ್ಮ ಬಾಯಿಂದ ಬೈಗುಳ ಬಿಟ್ರೆ ಬೇರೇನೂ ಬರಲ್ಲ, ಗೊತ್ತು. ಬುತ್ತೀಲಿ ಹೇಳಿ. ರಂಜಾನಲ್ಲಿ ಒಂದು ದಿನ ಕೆಳಗಿನ ಡಬ್ಬೀಲಿ ಗುಲ್ಲಾಚ್ ಬಂದ್ರೆ ಹೂಂ ಅಂತ ತಿಳ್ಕೋತೀನಿ. ತಿಂಗಳೆಲ್ಲ ಬರದಿದ್ರೆ ಮತ್ತೆ ಈ ಮಾತು ಎತ್ತಲ್ಲ” ಎಂದ. ಗಂಡ ಹೋದ ಮೇಲೆ ಆ ಸಿಹಿಯನ್ನು ನಾನು ಮಾಡಿಯೇ ಇರಲಿಲ್ಲ.

ಆ ಸಂಜೆಯ ಬುತ್ತಿಗೆ ಮಾಡಿದೆ. ಹಾಲಿನಲ್ಲಿ ಹಿಟ್ಟಿನ ತೆಳು ಹಾಳೆಗಳನ್ನು ನೆನೆಸಿ, ಗುಲಾಬಿ ನೀರು ಚಿಮುಕಿಸಿ, ಮೇಲೆ ದಾಳಿಂಬೆ ಕಾಳು ಉದುರಿಸಿ, ಕೆಳಗಿನ ಡಬ್ಬಿಯಲ್ಲಿಟ್ಟೆ. ನಿನಗೆ ಏನೂ ಹೇಳಲಿಲ್ಲ.

ಡಬ್ಬಿ ಖಾಲಿಯಾಗಿ ಬಂತು. ಸಿಹಿ ಕಂಡರೆ ನೀನು ಬಿಡುವವನಲ್ಲ. ಬುತ್ತಿಯ ಮುಂದೆ ನೀವಿಬ್ಬರೇ ಇದ್ದಿರಿ. ಕೆಳಗಿನ ಡಬ್ಬಿಯನ್ನು ತೆರೆದದ್ದು ಯಾರು? ಅವನು ನೋಡಿದನೇ? ನೋಡಿ ಒಳಗೆ ಹೋದನೇ, ನೋಡದೇ ಹೋದನೇ?

ಮೊದಲೇ ಕೇಳಿದ್ದರೆ ಅಕ್ಕನ ಸಮಾಧಾನಕ್ಕೆಂದು ನೀನು ‘ನೋಡಿದ, ನಕ್ಕ’ ಎಂದು ಬರೆದುಬಿಡುತ್ತಿದ್ದೆ. ಅದಕ್ಕೇ ನೀನಾಗಿ ಬರೆಯಲಿ ಎಂದು ಚಳಿಗಾಲವೆಲ್ಲ ಕಾದೆ. ಸರ್ಕಾರಕ್ಕೆ ಇನ್ನು ನಿನ್ನ ಸಾಕ್ಷಿ ಬೇಡ, ನನಗೆ ಬೇಕು. ನಿನ್ನನ್ನು ಬಿಟ್ಟರೆ ಅದನ್ನು ಕಂಡವರು ಯಾರೂ ಇಲ್ಲ. ಇದ್ದ ಒಬ್ಬ ಸಾಕ್ಷಿಯೂ ಸುಳ್ಳಿಗೆ ಸಹಿ ಹಾಕಿದವನು. ನೀನು ಈಗ ಏನೇ ಬರೆದರೂ ನಾನು ಅದನ್ನು ಹೇಗೆ ನಂಬಲಿ ಫೆಹ್ಮಿ?

ಆದರೂ ಬರೆ. ನೀನೇ ತಿಂದಿದ್ದರೆ ನೀನೇ ತಿಂದೆ ಎಂದು ಬರೆ.